ನೀರಡಿಕೆ

ನಮ್ಮೂರ ಕಡೆ ಬಾಯಾರಿಕೆ ಅಂತೀವಿ. ಹಾವೇರಿ, ಧಾರವಾಡದವರು ನೀರಡಿಕೆ ಅಂತಾರೆ. ಎರಡೂ ಒಂದೇ ಅಂದುಕೊಂಡಿದ್ದೆ, ಹನ್ನೊಂದನೇ ಬೆಡ್ಡಿನ ಯಜಮಾನರು ಬರುವ ತನಕ.

2011ರ ಮಳೆಗಾಲ. ಬೆಂಗಳೂರಿನ ಆಸ್ಪತ್ರೆಯೊಂದರ ನ್ಯೂರೋಸರ್ಜರಿ ವಾರ್ಡಿನಲ್ಲಿ ನನಗೆ ನೈಟ್ ಡ್ಯೂಟಿ. ಯಜಮಾನರು ಹಾವೇರಿ ಜಿಲ್ಲೆಯ ರೈತರು, ವಯಸ್ಸು ಐವತ್ತರ ಆಸುಪಾಸು. ಅವರಿಗೆ ಕಣ್ಣೆದುರಿನದು ಕಾಣುತ್ತಿತ್ತು, ಎಡಬಲದ್ದು ಕಾಣುತ್ತಿರಲಿಲ್ಲ. ಚಕ್ಕಡಿ ಹೂಡಿ ಕೂತರೆ ಎರಡೂ ಎತ್ತುಗಳ ಹೊರಮಗ್ಗಲು ಕತ್ತಲಾಗುತ್ತಿತ್ತಂತೆ. ಕನ್ನಡಕದ ಅಂಗಡಿ, ಕಣ್ಣಿನ ಡಾಕ್ಟರು ಎಲ್ಲ ಸುತ್ತಿ ಕೊನೆಗೆ ಎಂಆರ್‌ಐ ಮಾಡಿಸಿದಾಗ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಸಿಕ್ಕಿತು. ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಕೆಳಗೇ ಆ ಗ್ರಂಥಿ ಇರುವುದು. ಗಡ್ಡೆ ಮೇಲಕ್ಕೆ ಬೆಳೆದರೆ ಮೊದಲು ಹೋಗುವುದು ಪಕ್ಕದ ನೋಟ. ಆ ದಿನ ಬೆಳಿಗ್ಗೆ ಮೂಗಿನ ಮೂಲಕ ಉಪಕರಣ ಇಳಿಸಿ ಗಡ್ಡೆ ತೆಗೆದಿದ್ದರು. ಮೂಗಿಗೆ ಪ್ಯಾಕ್ ತುಂಬಿತ್ತು, ಉಸಿರಾಟವೆಲ್ಲ ಬಾಯಲ್ಲಿ.

ರಾತ್ರಿ ಎರಡೂವರೆಗೆ ಕರೆದರು. “ಅಕ್ಕಾರ, ನೀರಡಿಕಿ ತಡಿಯಾಕ ಆಗವಲ್ದರೀ. ಬಾವ್ಯಾಗಿನ ನೀರು ಪೂರಾ ಕುಡದ್ರೂ ಇದು ಹೋಗೂದಿಲ್ಲ.”

ಬಾಯಲ್ಲಿ ಉಸಿರಾಡಿ ನಾಲಿಗೆ ಒಣಗಿದೆ ಅಂದುಕೊಂಡೆ. ಗಾಜ್ ಒದ್ದೆ ಮಾಡಿ ತುಟಿಗೆ ಒತ್ತಿದೆ. ಯೂರಿನ್ ಬ್ಯಾಗ್ ನೋಡಿದರೆ ತಳದಲ್ಲಿ ನೂರು ಮಿ.ಲೀ. ಇದೆಯೋ ಇಲ್ಲವೋ. ಸರಿ, ಹೆಚ್ಚೇನೂ ಹೋಗಿಲ್ಲ ಅಂತ ಸಮಾಧಾನ. ಆಮೇಲೆ ಐ/ಓ ಚಾರ್ಟ್ ತೆಗೆದೆ. ದೇಹದ ಒಳಗೆ ಹೋದ ನೀರು, ಹೊರಗೆ ಬಂದ ನೀರು, ಎರಡನ್ನೂ ಗಂಟೆಗಂಟೆಗೆ ಬರೆಯುವ ಹಾಳೆ ಅದು. ಹನ್ನೆರಡು ಗಂಟೆಗೆ 200 ಎಂದು ನನ್ನದೇ ಅಕ್ಷರ. ಒಂದು ಗಂಟೆ, ಎರಡು ಗಂಟೆಯ ಕಾಲಂ ಖಾಲಿ. ಅಷ್ಟು ಹೊತ್ತೂ ನಾನು ಬೇರೆ ಬೆಡ್ಡಿನ ರೋಗಿಯನ್ನು ಐಸಿಯುಗೆ ಸಾಗಿಸುವ ಗಡಿಬಿಡಿಯಲ್ಲಿದ್ದೆ.

ಮಂಚದ ಪಕ್ಕ ಚಾಪೆಯ ಮೇಲೆ ಕೂತಿದ್ದ ಅವರ ಹೆಂಡತಿಯನ್ನು ಕೇಳಿದೆ. ಆಯಮ್ಮ ಸಂಕೋಚದಿಂದಲೇ ಹೇಳಿದರು: “ತುಂಬಾಕ ಬಂದಿತ್ರೀ. ನೀವು ಓಡ್ಯಾಡಾಕ ಹತ್ತಿದ್ರಿ, ಯಾಕ ತ್ರಾಸ ಕೊಡೂದು ಅಂತ ನಾನ ಎರಡ ಸಲ ಚೆಲ್ಲಿ ಬಂದೆ.”

ನನಗೆ ಉಪಕಾರ ಮಾಡಿದ್ದರು ಪಾಪ. ಎಷ್ಟಿತ್ತು ಅಂದರೆ ಹೇಗೆ ಹೇಳಬೇಕು ಅವರು? ಬ್ಯಾಗನ್ನು ಎತ್ತಿ ಹಿಡಿದು, ಚೆಲ್ಲುವಾಗ ಎಲ್ಲಿ ತನಕ ಇತ್ತು ಬೆರಳಿಟ್ಟು ತೋರಿಸಿ ಅಂದೆ. ಬಳೆ ಸರಿಸಿಕೊಂಡು, ಸ್ವಲ್ಪ ಯೋಚಿಸಿ, ಬೆರಳಿಟ್ಟರು. ಪ್ಲಾಸ್ಟಿಕ್ ಮೇಲಿನ 700ರ ಗೆರೆ. ಎರಡು ಸಲ ಅಂದರೆ 1400. ಎರಡೂವರೆ ಗಂಟೆಯಲ್ಲಿ ಒಂದೂವರೆ ಲೀಟರ್ ನೀರು ಆ ಮನುಷ್ಯನ ಮೈಯಿಂದ ಹೊರಗೆ ಹೋಗಿತ್ತು. ಬಣ್ಣ ಹೇಗಿತ್ತು ಅಂದೆ. “ನಲ್ಲಿ ನೀರ ಇದ್ದಂಗ ಇತ್ರೀ, ಉಚ್ಚಿ ಅನ್ನಂಗಿರಲಿಲ್ಲ.”

ಪಿಟ್ಯುಟರಿ ಆಪರೇಷನ್ ಆದವರಲ್ಲಿ ಎರಡು ಮೂರು ಗಂಟೆ ಸಾಲಾಗಿ 250–300 ಮಿ.ಲೀ. ಮೀರಿ ಮೂತ್ರ ಹೋದರೆ ಡಾಕ್ಟರನ್ನು ಎಬ್ಬಿಸಬೇಕು. ಇದು ನ್ಯೂರೋ ವಾರ್ಡಿಗೆ ಬಂದ ಮೊದಲ ವಾರವೇ ಹೇಳಿಕೊಡುವ ಪಾಠ. ಎಬ್ಬಿಸಿದೆ. ಮೂತ್ರದ ಸ್ಪೆಸಿಫಿಕ್ ಗ್ರಾವಿಟಿ 1.002, ಅಂದರೆ ಹೆಚ್ಚುಕಡಿಮೆ ಬರೀ ನೀರು. ರಕ್ತದ ಸೋಡಿಯಂ 150. ಇರಬೇಕಾದದ್ದು 135ರಿಂದ 145. ಪಿ.ಜಿ. ಡಾಕ್ಟರು ಡೆಸ್ಮೋಪ್ರೆಸಿನ್ 1 ಮೈಕ್ರೋಗ್ರಾಂ ಚರ್ಮದಡಿಗೆ ಬರೆದರು. ಇದೇ ಔಷಧ ಮೂಗಿಗೆ ಹೊಡೆಯುವ ಸ್ಪ್ರೇ ಆಗಿಯೂ ಬರುತ್ತದೆ. ಮೂಗೇ ಮುಚ್ಚಿದವರಿಗೆ ಅದನ್ನು ಎಲ್ಲಿಂದ ಕೊಡುವುದು! ಬೆಳಗಿನ ಐದು ಗಂಟೆಯ ಕಾಲಂನಲ್ಲಿ 80 ಎಂದು ಬರೆದೆ. ಯಜಮಾನರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಒಂದು ಮೈಕ್ರೋಗ್ರಾಂ ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಬಾವಿ ಬತ್ತಿಸುವಂಥ ನೀರಡಿಕೆ ಅಷ್ಟಕ್ಕೆ ನಿಂತಿತ್ತು.

ಪಿಟ್ಯುಟರಿ ಗ್ರಂಥಿ ಮೂಗಿನ ಬುಡದ ಹಿಂದೆ, ತಲೆಬುರುಡೆಯ ತಳದ ಒಂದು ಸಣ್ಣ ಗುಳಿಯಲ್ಲಿ ಕೂತಿರುತ್ತದೆ. ಬಟಾಣಿ ಕಾಳಿನಷ್ಟು ಗಾತ್ರ, ಅರ್ಧ ಗ್ರಾಮಿನಷ್ಟು ತೂಕ. ಆ ಗುಳಿ ಕುದುರೆಯ ಜೀನಿನಂತೆ ಕಾಣುತ್ತದೆಂದು ಅದಕ್ಕೆ ‘ತುರ್ಕಿ ಜೀನು’ ಎಂಬರ್ಥದ ಲ್ಯಾಟಿನ್ ಹೆಸರು. ಗ್ರಂಥಿಯ ಹೆಸರಿನ ಮೂಲವೂ ಲ್ಯಾಟಿನ್ನೇ, ಅರ್ಥ ಕಫ. ಮೆದುಳಿನ ಕಫ ಇದರ ಮೂಲಕ ಮೂಗಿಗೆ ಇಳಿಯುತ್ತದೆ ಎಂದು ಯುರೋಪಿನ ಹಳೆಯ ವೈದ್ಯರು ನಂಬಿದ್ದರು. ದೇಹದ ಹೆಚ್ಚಿನ ಗ್ರಂಥಿಗಳಿಗೆಲ್ಲ ಅಪ್ಪಣೆ ಕೊಡುವ ಗ್ರಂಥಿಗೆ ಸಿಂಬಳದ ಹೆಸರು!

ಅದರ ಮುಂಭಾಗ ಬೆಳವಣಿಗೆಯ ಹಾರ್ಮೋನು, ಹಾಲಿನ ಹಾರ್ಮೋನು, ಥೈರಾಯ್ಡಿಗೂ ಅಡ್ರಿನಲ್‌ಗೂ ಅಂಡಾಶಯ-ವೃಷಣಗಳಿಗೂ ಅಪ್ಪಣೆ ಕಳಿಸುವ ಹಾರ್ಮೋನುಗಳನ್ನು ಮಾಡುತ್ತದೆ. ಹಿಂಭಾಗ ತಾನೇನೂ ಮಾಡುವುದಿಲ್ಲ. ಮೇಲಿರುವ ಮೆದುಳಿನ ಭಾಗ, ಹೈಪೋಥಲಾಮಸ್, ಮಾಡಿ ಕಳಿಸಿದ ಎರಡು ಹಾರ್ಮೋನುಗಳನ್ನು ಇಟ್ಟುಕೊಂಡು, ಬೇಕಾದಾಗ ಬಿಡುವ ಉಗ್ರಾಣ ಅದು. ಒಂದು ವಾಸೋಪ್ರೆಸಿನ್, ಇನ್ನೊಂದು ಆಕ್ಸಿಟೋಸಿನ್. ನಮ್ಮ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಒಂದೂವರೆ ಎರಡು ಲೀಟರ್ ಬಿಟ್ಟು ಉಳಿದದ್ದೆಲ್ಲ ರಕ್ತಕ್ಕೆ ವಾಪಸ್. ಆ ವಾಪಸಾತಿಯ ಕೊನೆಯ ಕಂತನ್ನು ನೋಡಿಕೊಳ್ಳುವುದು ವಾಸೋಪ್ರೆಸಿನ್. ಅದಿಲ್ಲದಿದ್ದರೆ ತೂಬು ತೆರೆದೇ ಇರುತ್ತದೆ. ಡೆಸ್ಮೋಪ್ರೆಸಿನ್ ಎಂದರೆ ಅದೇ ವಾಸೋಪ್ರೆಸಿನ್ನನ್ನು ಕೊಂಚ ತಿದ್ದಿ, ರಕ್ತದೊತ್ತಡ ಏರಿಸುವ ಗುಣ ತಗ್ಗಿಸಿ, ಹೆಚ್ಚು ಹೊತ್ತು ಉಳಿಯುವಂತೆ ಮಾಡಿದ ಔಷಧ. 1960ರ ದಶಕದಲ್ಲಿ ಪ್ರಾಗ್‌ನಲ್ಲಿ ತಯಾರಾದದ್ದು.

ಇಷ್ಟು ಹೇಳಿ ಮುಗಿಸಿದರೆ ನಾನು ಆ ರಾತ್ರಿ ಗೆದ್ದವಳಂತೆ ಕಾಣುತ್ತೇನೆ. ಕಥೆ ಅಲ್ಲಿಗೆ ಮುಗಿಯಲಿಲ್ಲ.

ಏಳನೇ ದಿನ. ಕ್ಯಾತಿಟರ್ ತೆಗೆದಾಗಿತ್ತು, ಪ್ಯಾಕೂ ತೆಗೆದಾಗಿತ್ತು. ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತಿದೆಯಾ, ಗಂಟಲ ಹಿಂದೆ ಉಪ್ಪುಪ್ಪಾಗಿ ಏನಾದರೂ ಇಳಿಯುತ್ತಿದೆಯಾ ಅಂತ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದೆವು. ಅದು ಮೆದುಳಿನ ಸುತ್ತಲಿನ ದ್ರವ ಸೋರುವ ಸೂಚನೆ. ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ, ಬಗ್ಗಿ ಏನೂ ಎತ್ತಬೇಡಿ, ಶೌಚಕ್ಕೆ ತಿಣುಕಬೇಡಿ. ಈ ಪಟ್ಟಿಯನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆ ಭಯ ಇರಲಿಲ್ಲ, ಸೋರಿಕೆ ಇರಲಿಲ್ಲ. ಡೆಸ್ಮೋಪ್ರೆಸಿನ್ 0.1 ಮಿ.ಗ್ರಾಂ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು ನಡೆಯುತ್ತಿತ್ತು. ನಾಡಿದ್ದು ಡಿಸ್ಚಾರ್ಜ್ ಎನ್ನುವ ಮಾತು.

ರಾತ್ರಿ ಒಂಬತ್ತಕ್ಕೆ ಮಾತ್ರೆ ಕೊಡಲು ಹೋದಾಗ ಹೆಂಡತಿ ಅಂದರು: “ನಿನ್ನಿಂದ ನೀರ ಕೇಳವಲ್ರೀ. ಯಾಕೋ ಮಂಕ ಆಗ್ಯಾರ. ತಲಿ ನೋಯತೈತಿ ಅಂತಾರ.”

“ಒಳ್ಳೇದೇ ಆಯ್ತಲ್ಲಮ್ಮ, ನೀರಡಿಕೆ ಹೋಯ್ತು” ಅಂದೆ ನಾನು. ಶೀಟಿನಲ್ಲಿ ಬರೆದಿತ್ತು, ಮಾತ್ರೆ ಕೊಟ್ಟೆ. ಬಚ್ಚಲಲ್ಲಿ ಇಟ್ಟಿದ್ದ ಅಳತೆ ಜಗ್ಗು ಮಧ್ಯಾಹ್ನದಿಂದ ಒಣಗಿತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಬೆಳಗಿನ ಜಾವ ಅವರಿಗೆ ಫಿಟ್ಸ್ ಬಂತು. ಸೋಡಿಯಂ 119.

ಪಿಟ್ಯುಟರಿಯನ್ನು ಹೈಪೋಥಲಾಮಸ್‌ಗೆ ಸೇರಿಸುವ ತೊಟ್ಟು ಪೆಟ್ಟು ತಿಂದಾಗ ಕೆಲವರಲ್ಲಿ ಹೀಗೆ ಮೂರು ಹಂತ ಬರುತ್ತದೆ. ಮೊದಲ ಕೆಲವು ದಿನ ಹಾರ್ಮೋನು ಬಿಡುಗಡೆಯೇ ನಿಂತು ನೀರು ಹೊಳೆಯಾಗಿ ಹೋಗುತ್ತದೆ. ಆಮೇಲೆ, ಸಾಮಾನ್ಯವಾಗಿ ಒಂದು ವಾರದ ಆಚೀಚೆ, ಸಾಯುತ್ತಿರುವ ನರತುದಿಗಳು ಉಗ್ರಾಣದಲ್ಲಿ ಉಳಿದದ್ದನ್ನೆಲ್ಲ ಹತೋಟಿಯಿಲ್ಲದೆ ಸುರಿಯುತ್ತವೆ. ಆಗ ದೇಹ ಒಂದು ಹನಿಯನ್ನೂ ಹೊರಗೆ ಬಿಡುವುದಿಲ್ಲ, ರಕ್ತ ತೆಳ್ಳಗಾಗುತ್ತದೆ, ಮೆದುಳು ನೀರು ಕುಡಿದು ಊದುತ್ತದೆ. ಉಗ್ರಾಣ ಬರಿದಾದ ಮೇಲೆ ಮೂರನೇ ಹಂತ, ಮತ್ತೆ ಹೊಳೆ, ಈ ಸಲ ಬಹುಮಟ್ಟಿಗೆ ಜೀವನಪೂರ್ತಿ. ಎರಡನೇ ಹಂತದಲ್ಲಿ ಡೆಸ್ಮೋಪ್ರೆಸಿನ್ ಕೊಡುವುದೆಂದರೆ ತೂಬು ಮುಚ್ಚಿದ ಕೆರೆಗೆ ಇನ್ನೊಂದು ಕಲ್ಲು ಹೇರಿದಂತೆ. ಆ ಕಲ್ಲನ್ನು ಆ ರಾತ್ರಿ ಇಟ್ಟವಳು ನಾನು. ಬರೆದವರು ಡಾಕ್ಟರು, ಅವರಿಗೂ ಪಾಲಿದೆ. ಆದರೆ ರಾತ್ರಿ ಒಂಬತ್ತಕ್ಕೆ ರೋಗಿಯ ಮುಂದೆ ನಿಂತಿದ್ದದ್ದು ಡಾಕ್ಟರಲ್ಲ. “ನೀರ ಕೇಳವಲ್ರೀ” ಎಂಬ ಮಾತು ಬಿದ್ದದ್ದು ನನ್ನ ಕಿವಿಗೆ.

3 ಪರ್ಸೆಂಟ್ ಸಲೈನ್ ಕೊಟ್ಟು ಫಿಟ್ಸ್ ನಿಲ್ಲಿಸಿದರು. ಆಮೇಲಿನದು ನಿಧಾನದ ಕೆಲಸ. ಸೋಡಿಯಂ ಬಿದ್ದಷ್ಟೇ ವೇಗದಲ್ಲಿ ಎತ್ತುವಂತಿಲ್ಲ. ದಿನಕ್ಕೆ ಎಂಟು ಹತ್ತರ ಮೇಲೆ ಏರಿದರೆ ಮೆದುಳಿನ ನರಗಳ ಹೊದಿಕೆಯೇ ಕಿತ್ತುಹೋಗುವ ಅಪಾಯ. ನಾಲ್ಕು ಗಂಟೆಗೊಮ್ಮೆ ರಕ್ತ, ಗಂಟೆಗೊಮ್ಮೆ ಮೂತ್ರ, ಕುಡಿಯುವ ನೀರಿಗೂ ಲೆಕ್ಕ. ಯಜಮಾನರು ಉಳಿದರು. ಹತ್ತು ದಿನ ತಡವಾಗಿ ಊರಿಗೆ ಹೋದರು. ಹೋಗುವಾಗ ಆಯಮ್ಮ ನನ್ನ ಕೈ ಹಿಡಿದು “ನಿಮ್ಮಿಂದ ಉಳಿದ್ರು” ಅಂದರು. ಏನು ಹೇಳಲಿ? ನಿಜ ಹೇಳುವ ಧೈರ್ಯ ಆವತ್ತು ಇರಲಿಲ್ಲ.

ಆದರೆ ಅದಾದ ಮೇಲೆ ಡೆಸ್ಮೋಪ್ರೆಸಿನ್ ಕೈಗೆ ತೆಗೆದುಕೊಂಡಾಗಲೆಲ್ಲ ಮೊದಲು ಕೇಳುವುದು ಇದನ್ನೇ: ಈಗ ನೀರಡಿಕೆ ಇದೆಯಾ? ಹೋದ ಡೋಸ್ ಆದಮೇಲೆ ಎಷ್ಟು ಸಲ ಮೂತ್ರಕ್ಕೆ ಹೋದಿರಿ? ಬೆಳಿಗ್ಗೆಯ ತೂಕ ಎಷ್ಟು? ಒಂದೇ ದಿನದಲ್ಲಿ ಒಂದು ಕೆ.ಜಿ. ಏರಿದರೆ ಅದು ಊಟದಿಂದ ಬಂದದ್ದಲ್ಲ, ಒಂದು ಲೀಟರ್ ನೀರು. ತಲೆನೋವು, ವಾಕರಿಕೆ, ಮಂಕು ಇದ್ದರೆ ಮಾತ್ರೆ ಟ್ರೇನಲ್ಲೇ ಉಳಿಯುತ್ತದೆ, ಫೋನು ಡಾಕ್ಟರಿಗೆ ಹೋಗುತ್ತದೆ. ಬೈಸಿಕೊಂಡಿದ್ದೂ ಇದೆ. ಇರಲಿ.

ನನ್ನ ತಪ್ಪಿನ ಎದುರುಬದಿಯ ಕಥೆಯನ್ನು ಎಷ್ಟೋ ದಿನದ ಮೇಲೆ ಓದಿದೆ. 2009ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಸೊಂಟದ ಆಪರೇಷನ್‌ಗೆಂದು 22ರ ಹುಡುಗನೊಬ್ಬ ಸೇರಿದ್ದ. ಹಿಂದೆ ಪಿಟ್ಯುಟರಿಯ ಗಡ್ಡೆಗೆ ಚಿಕಿತ್ಸೆಯಾಗಿ ಅವನಿಗೆ ಡೆಸ್ಮೋಪ್ರೆಸಿನ್ ಬೇಕೇಬೇಕಿತ್ತು. ವಾರ್ಡಿನಲ್ಲಿ ಆ ಡೋಸುಗಳು ತಪ್ಪಿದವು. ಹುಡುಗ ನೀರಿಗಾಗಿ ಒದ್ದಾಡಿದ, ಕೂಗಾಡಿದ, ಕೊನೆಗೆ ಹಾಸಿಗೆಯಿಂದಲೇ ಪೊಲೀಸರಿಗೆ ಫೋನ್ ಮಾಡಿದ. ಸೋಡಿಯಂ ಏರಿ ತಲೆ ಕೆಟ್ಟವನನ್ನು ಗಲಾಟೆ ಮಾಡುವವನೆಂದು ತಿಳಿದರು. ನೀರಿಲ್ಲದೆ ಸತ್ತ. ಸುತ್ತಲೂ ನಲ್ಲಿಗಳಿದ್ದ ಕಟ್ಟಡದಲ್ಲಿ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ವಾರ್ಡಿನ ನರ್ಸುಗಳ ಮೇಲೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಒಣಗಿದ ಜಗ್ಗನ್ನು ಕಂಡೂ ಕಾಣದ ನನಗೆ ಆ ಸಿಟ್ಟನ್ನು ಬಹಳ ಹೊತ್ತು ಇಟ್ಟುಕೊಳ್ಳಲು ಆಗಲಿಲ್ಲ.

ಇಂಥ ಸಾವುಗಳ ಹಿಂದೆ ಕಾಯಿಲೆಯ ಹೆಸರಿನ ಗೊಂದಲವೂ ಇದೆ. ಇದರ ಹಳೆಯ ಹೆಸರು ಡಯಾಬಿಟಿಸ್ ಇನ್ಸಿಪಿಡಸ್. ಡಯಾಬಿಟಿಸ್ ಎಂದು ಕಿವಿಗೆ ಬಿದ್ದ ಕೂಡಲೇ ನಮ್ಮವರು ಗ್ಲೂಕೋಮೀಟರ್ ತರುತ್ತಾರೆ. ಶುಗರ್ 96 ಇದೆ, ನಾರ್ಮಲ್ ಅಂತ ಬರೆದು ಹೋಗುತ್ತಾರೆ. ಇನ್ಸಿಪಿಡಸ್ ಅಂದರೆ ಸಪ್ಪೆ. ಸಿಹಿ ಮೂತ್ರದ ಕಾಯಿಲೆಯಿಂದ ಬೇರ್ಪಡಿಸಲು ಇಟ್ಟ ಹೆಸರು. ನಮ್ಮ ಆಯುರ್ವೇದದವರು ಇಪ್ಪತ್ತು ಬಗೆಯ ಪ್ರಮೇಹಗಳನ್ನು ಎಣಿಸುವಾಗ ಮಧುಮೇಹವನ್ನು ಬೇರೆ, ಉದಕಮೇಹವನ್ನು ಬೇರೆ ಇಟ್ಟಿದ್ದರು. ಉದಕ ಅಂದರೆ ನೀರು, ಆಯಮ್ಮ ಹೇಳಿದ “ನಲ್ಲಿ ನೀರ ಇದ್ದಂಗ” ಎಂಬುದೇ. 2022ರಲ್ಲಿ ತಜ್ಞರ ಸಂಘಗಳೆಲ್ಲ ಸೇರಿ ಇದಕ್ಕೆ ‘ಅರ್ಜಿನೈನ್ ವಾಸೋಪ್ರೆಸಿನ್ ಡಿಫಿಶಿಯೆನ್ಸಿ’ ಎಂದು ಹೊಸ ಹೆಸರಿಟ್ಟವು. ಡಯಾಬಿಟಿಸ್ ಎಂಬ ಪದ ಕಿತ್ತುಹಾಕಿದ್ದು ಒಳ್ಳೆಯದೇ. ಆದರೆ ಆ ಹೆಸರನ್ನು ನಮ್ಮ ವಾರ್ಡಿನಲ್ಲಿ ಯಾರು ಉಚ್ಚರಿಸುತ್ತಾರೆ? ನಾನು ಮಾಡುತ್ತಿದ್ದದ್ದು ಇಷ್ಟು: ಫೈಲಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ “ಶುಗರ್ ಅಲ್ಲ. ನೀರಿನ ಕಾಯಿಲೆ. ಮಾತ್ರೆ ತಪ್ಪಿಸಬೇಡಿ” ಎಂದು ಬರೆಯುವುದು. ಆಯಾಗಳಿಗೂ ಅರ್ಥವಾಗುತ್ತಿತ್ತು.

ಉಗ್ರಾಣದಲ್ಲಿ ಇನ್ನೊಬ್ಬಳು ಇದ್ದಾಳಲ್ಲ, ಆಕ್ಸಿಟೋಸಿನ್. ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಓದುವಾಗ ಹೆರಿಗೆ ವಾರ್ಡಿನಲ್ಲಿ ನನ್ನ ಮೊದಲ ಪರಿಚಯ ಅವಳದ್ದೇ. ವಾಸೋಪ್ರೆಸಿನ್ನೂ ಆಕ್ಸಿಟೋಸಿನ್ನೂ ಅಕ್ಕತಂಗಿಯರು. ತಲಾ ಒಂಬತ್ತು ಅಮೈನೋ ಆಮ್ಲಗಳ ಸರ, ಎರಡೇ ಮಣಿ ಬೇರೆ. ಪಿಟ್ಯುಟರಿಯ ಸಾರ ಬಸುರಿ ಬೆಕ್ಕಿನ ಗರ್ಭಕೋಶವನ್ನು ಹಿಂಡುತ್ತದೆ ಎಂದು ಇಂಗ್ಲೆಂಡಿನ ಹೆನ್ರಿ ಡೇಲ್ 1906ರಲ್ಲಿ ತೋರಿಸಿದರು. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೊ ಆಕ್ಸಿಟೋಸಿನ್ನನ್ನು ಪ್ರಯೋಗಾಲಯದಲ್ಲೇ ಕಟ್ಟಿದರು, 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ನಮ್ಮ ವಾರ್ಡಿನಲ್ಲಿ ಅದು ‘ನೋವಿನ ಡ್ರಿಪ್’. ಡ್ರಿಪ್ ಹಾಕಿ ಬೇರೆಡೆ ಹೋಗುವಂತಿಲ್ಲ. ಹನಿ ಎಣಿಸಬೇಕು, ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ, ನಡುವೆ ಗರ್ಭಕೋಶ ಸಡಿಲಾಗುತ್ತಿದೆಯಾ ನೋಡಬೇಕು, ಮಗುವಿನ ಎದೆಬಡಿತ ಕೇಳಬೇಕು. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ನೋವು ಬಂದರೆ ಡ್ರಿಪ್ ನಿಲ್ಲಿಸುವುದೇ ಮೊದಲ ಕೆಲಸ. ನಮ್ಮ ಹಿರಿಯ ಸಿಸ್ಟರ್ ಒಬ್ಬರು ಗಡಿಯಾರದ ಕಡೆ ತಿರುಗದೆ, ಬರೀ ಅಂಗೈಯಲ್ಲಿ ಇದನ್ನು ಹೇಳುತ್ತಿದ್ದರು.

ಅಕ್ಕನ ಗುಣ ತಂಗಿಗೂ ಕೊಂಚ ಇದೆ ಎಂಬುದನ್ನು ಆಗ ಯಾರೂ ನನಗೆ ಒತ್ತಿ ಹೇಳಿರಲಿಲ್ಲ. ಉಪ್ಪಿಲ್ಲದ ಗ್ಲೂಕೋಸ್ ನೀರಿನಲ್ಲಿ ಹೆಚ್ಚು ಡೋಸಿನ ಆಕ್ಸಿಟೋಸಿನ್ ಗಂಟೆಗಟ್ಟಲೆ ಓಡಿದರೆ ಅದೂ ನೀರು ಹಿಡಿದಿಡುತ್ತದೆ. ಬಾಣಂತಿಗೆ ತಲೆನೋವು, ಮಂಕು, ಫಿಟ್ಸ್. ಎಲ್ಲರೂ ನಂಜು ಅಂದುಕೊಳ್ಳುತ್ತಾರೆ, ಸೋಡಿಯಂ ನೋಡಿದರೆ ಕೆಳಗೆ. ಅದಕ್ಕೇ ಈಗ ಉಪ್ಪಿನಂಶವಿರುವ ಆರ್.ಎಲ್. (ರಿಂಗರ್ ಲ್ಯಾಕ್ಟೇಟ್) ಅಥವಾ ನಾರ್ಮಲ್ ಸಲೈನಿನಲ್ಲಿ ಹಾಕುತ್ತಾರೆ, ಹೆರಿಗೆಯಲ್ಲೂ ನೀರಿನ ಲೆಕ್ಕ ಬರೆಯುತ್ತಾರೆ. ಬರೆಯಬೇಕು, ಅಂತ ತಿದ್ದಿಕೊಳ್ಳುತ್ತೇನೆ.

ಈ ಪುಟ್ಟ ಆಂಪೂಲ್ ಒಮ್ಮೆ ಕೋರ್ಟಿನ ತನಕ ಹೋಗಿತ್ತು. ಹಾಲು ಇಳಿಸಲು ಹಸು ಎಮ್ಮೆಗಳಿಗೆ ಇದನ್ನು ಚುಚ್ಚುತ್ತಾರೆ ಎಂಬ ದೂರಿನ ಮೇಲೆ ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಖಾಸಗಿ ಕಂಪನಿಗಳು ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿತು. ಇಡೀ ದೇಶಕ್ಕೆ ಪೂರೈಸುವ ಹೊಣೆ ಒಂದೇ ಸರ್ಕಾರಿ ಸಂಸ್ಥೆಗೆ: ನಮ್ಮ ಪೀಣ್ಯದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್. ಕನ್ನಡತಿಯಾಗಿ ಹೆಮ್ಮೆಪಡಬೇಕೋ, ನರ್ಸಾಗಿ ಹೆದರಬೇಕೋ ತಿಳಿಯಲಿಲ್ಲ. ಹೆರಿಗೆಯಾದ ಕೂಡಲೇ ತಾಯಿಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ರಕ್ತಸ್ರಾವ ತಡೆಯುವ ಮೊದಲ ಮದ್ದು. ಅದು ಒಂದು ದಿನ ಸ್ಟಾಕ್ ಇಲ್ಲ ಎಂದರೆ? ಆ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ನನಗೆ ಈ ಗದ್ದಲದಲ್ಲಿ ಬೇಜಾರಾದದ್ದು ಬೇರೆ. ಯಾರು ತಯಾರಿಸಬೇಕು ಎಂದು ಇಷ್ಟು ಮಾತಾಡಿದವರು, ಅದು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇರುತ್ತದಾ ಅಂತ ಕೇಳಲಿಲ್ಲ. ಕರೆಂಟು ಹೋದ ಮಧ್ಯಾಹ್ನ ಕಿಟಕಿಯ ಕಟ್ಟೆಯ ಮೇಲೆ ಕೂತ ಆಂಪೂಲ್, ತಯಾರಿಸಿದವರು ಯಾರೇ ಆಗಲಿ, ಬಲ ಕಳೆದುಕೊಳ್ಳುತ್ತದೆ.

ಹೆರಿಗೆಯ ರಕ್ತಸ್ರಾವ ನಿಲ್ಲದಿದ್ದರೆ ಜೀವ ಹೋಗುವುದು ಎಲ್ಲರಿಗೂ ಗೊತ್ತು. ಜೀವ ಉಳಿದೂ ಪಿಟ್ಯುಟರಿ ಹೋಗುವುದು ಕೆಲವರಿಗೇ ಗೊತ್ತು. ಬಸುರಿನಲ್ಲಿ ಆ ಗ್ರಂಥಿ ದೊಡ್ಡದಾಗಿರುತ್ತದೆ, ರಕ್ತದ ಹಸಿವೂ ಜಾಸ್ತಿ. ರಕ್ತದೊತ್ತಡ ಕುಸಿದಾಗ ಅದರ ಮುಂಭಾಗ ಒಣಗಿಹೋಗುತ್ತದೆ. 1937ರಲ್ಲಿ ಇದನ್ನು ವಿವರಿಸಿದ ಹೆರಾಲ್ಡ್ ಶೀಹನ್ ಹೆಸರಿನಲ್ಲೇ ಈ ಕಾಯಿಲೆಯನ್ನು ಕರೆಯುತ್ತಾರೆ.

ಹಾಸನದ ಕಡೆಯ ಒಬ್ಬ ಹೆಂಗಸು ಮೆಡಿಸಿನ್ ವಾರ್ಡಿಗೆ ಆ ವರ್ಷ ಮೂರನೇ ಸಲ ಬಂದಿದ್ದರು. ವಯಸ್ಸು 41, ನೋಡಿದರೆ ಅರವತ್ತು. ವಾಂತಿ, ಸುಸ್ತು, ಸೋಡಿಯಂ ಕಡಿಮೆ. ಪ್ರತಿ ಸಲ ಬಾಟಲಿ ಏರಿಸಿ, ಉಪ್ಪು ಜಾಸ್ತಿ ತಿನ್ನಿ ಅಂತ ಕಳಿಸುತ್ತಿದ್ದರು. ಮೈ ತಣ್ಣಗೆ, ಮುಖ ಬಿಳಿಚಿ ನಯವಾಗಿ, ಹುಬ್ಬಿನ ಕೂದಲು ಉದುರಿ. ಅವತ್ತು ಡ್ಯೂಟಿಯಲ್ಲಿದ್ದವರು, ಅದೇ ಅಂಗೈಯ ಸಿಸ್ಟರ್, ಎಲ್ಲೆಲ್ಲೋ ಸುತ್ತಿ ನಿವೃತ್ತಿಯ ಹೊತ್ತಿಗೆ ನಮ್ಮಲ್ಲಿಗೆ ಬಂದಿದ್ದರು. ಸೆರಗು ಸರಿಮಾಡುತ್ತಾ ಮೆಲ್ಲಗೆ ಕೇಳಿದರು.

“ಮಕ್ಕಳೆಷ್ಟವ್ವ?”

“ಒಬ್ಬನೇ ಮಗ ಸಿಸ್ಟರ್, ಹದಿನಾರು ತುಂಬ್ತು.”

“ಹೆರಿಗೆ ಎಲ್ಲಾಯ್ತು?”

“ಮನೇಲೇ. ಗೋಣಿಚೀಲ ಎಲ್ಲ ನೆಂದೋಗಿತ್ತಂತೆ, ನಂಗೆ ಜ್ಞಾನ ಇರ್ಲಿಲ್ಲ.”

“ಮಗೂಗೆ ಹಾಲು ಬಂತಾ?”

ಆ ಹೆಂಗಸು ಗೋಡೆ ಕಡೆ ತಿರುಗಿದರು. “ಒಂದು ತೊಟ್ಟೂ ಬರ್ಲಿಲ್ಲ. ದೃಷ್ಟಿ ಆಗಿದೆ ಅಂದ್ರು ನಮ್ಮತ್ತೆ. ಹಸೀನ ಹಾಲು ಹಾಕಿ ಸಾಕಿದೆ. ಆಮೇಲೆ ಮುಟ್ಟೂ ಆಗ್ಲಿಲ್ಲ.”

ಹದಿನಾರು ವರ್ಷ. ಅಷ್ಟು ವರ್ಷ ಯಾವ ಚೀಟಿಯಲ್ಲೂ ಆ ಪ್ರಶ್ನೆ ಇರಲಿಲ್ಲ. ಹಾಲು ಬರದಿದ್ದದ್ದು ಆಕೆಗೆ ನಾಚಿಕೆಯ ವಿಷಯ, ನಮಗೆ ಅದು ರೋಗದ ಮೊದಲ ಸಾಲು.

ರಕ್ತದ ವರದಿ ಬಂದಾಗ ಥೈರಾಯ್ಡೂ ತಳದಲ್ಲಿತ್ತು, ಅಡ್ರಿನಲ್ ಗ್ರಂಥಿಯ ಹಾರ್ಮೋನು ಕಾರ್ಟಿಸಾಲೂ ತಳದಲ್ಲಿತ್ತು. ಇಲ್ಲಿ ಮದ್ದು ಕೊಡುವ ಸರದಿ ತಪ್ಪಬಾರದು. ಮೊದಲು ಕಾರ್ಟಿಸಾಲಿನ ಬದಲಿಗೆ ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಯ್ಡಿಗೆ ಥೈರಾಕ್ಸಿನ್. ತಿರುಗುಮುರುಗಾದರೆ ಥೈರಾಕ್ಸಿನ್ ಮೈಯ ಒಲೆ ಉರಿಸುತ್ತದೆ, ಇದ್ದಬದ್ದ ಕಾರ್ಟಿಸಾಲೂ ಉರಿದುಹೋಗಿ ರೋಗಿ ಕುಸಿಯುತ್ತಾರೆ. ಕಾರ್ಟಿಸಾಲ್ ಇಲ್ಲದ ದೇಹ ನೀರನ್ನೂ ಹೊರಗೆ ಬಿಡದು. ಆಕೆಯ ಸೋಡಿಯಂ ಬೀಳುತ್ತಿದ್ದದ್ದು ಅದಕ್ಕೆ, ಉಪ್ಪು ತಿನ್ನದೆ ಅಲ್ಲ. ಇಂಜೆಕ್ಷನ್ ಶುರುವಾದ ರಾತ್ರಿ ಆಕೆ ಆರು ಸಲ ಎದ್ದು ಮೂತ್ರಕ್ಕೆ ಹೋದರು. ಹೆದರಿ ಕರೆದರು. ನಾನು ಅಳೆದು ಬರೆದುಕೊಂಡೆ, ಸೋಡಿಯಂ ಸರ್ರನೆ ಏರುತ್ತಿಲ್ಲವೇ ಎಂದು ನೋಡಲು ರಕ್ತ ಕಳಿಸಿದೆ. ಮೂರನೇ ದಿನ ತಾವಾಗಿ ಎದ್ದು ಜಡೆ ಹಾಕಿಕೊಂಡರು.

ಮನೆಗೆ ಕಳಿಸುವಾಗಿನ ಮಾತೇ ಕಷ್ಟದ್ದು. ಹೈಡ್ರೋಕಾರ್ಟಿಸೋನ್ ಸ್ಟೀರಾಯ್ಡ್, ಸ್ಟೀರಾಯ್ಡ್ ಎಂದರೆ ಊರಿಗೆಲ್ಲ ಭಯ. ಮೆಡಿಕಲ್ ಶಾಪಿನವನು, ಬಸ್ಸಿನಲ್ಲಿ ಪಕ್ಕ ಕೂತವರು, ಯಾರಾದರೊಬ್ಬರು “ಅದು ಕೆಟ್ಟದ್ದು, ಬಿಟ್ಬಿಡಿ” ಅನ್ನುತ್ತಾರೆ. ಬಿಟ್ಟರೆ ಇವರಿಗೆ ಜೀವವೇ ಹೋಗಬಹುದು. ಅದಕ್ಕೆ ಸಿಸ್ಟರ್ ಹೇಳುತ್ತಿದ್ದ ರೀತಿ ನನಗೆ ಬಾಯಿಪಾಠ: “ಇದು ನಿನ್ನ ಮೈ ತಾನೇ ಮಾಡ್ಕೋಬೇಕಿದ್ದಿದ್ದು ಕಣವ್ವ. ಅದು ಮಾಡ್ತಿಲ್ಲ, ನಾವು ಅಷ್ಟನ್ನೇ ಹೊರಗಿಂದ ಹಾಕ್ತಿದೀವಿ. ಎದ್ದ ಕೂಡ್ಲೆ 10 ಮಿ.ಗ್ರಾಂ, ಮಧ್ಯಾಹ್ನ 5, ಸಂಜೆ 5. ಜ್ವರ ಬಂದ್ರೆ ಎರಡರಷ್ಟು. ವಾಂತಿ ಆಗಿ ಮಾತ್ರೆ ನಿಲ್ದಿದ್ರೆ ಕಾಯಬೇಡ, ಆಸ್ಪತ್ರೆಗೆ ಬಾ.” ಆಕೆಯ ಮಗನ ಕೈಯಲ್ಲಿ ಒಂದು ಕಾರ್ಡು ಬರೆಸಿ ಲ್ಯಾಮಿನೇಷನ್ ಮಾಡಿಸಿದೆವು. ‘ನನ್ನ ಪಿಟ್ಯುಟರಿ ಕೆಲಸ ಮಾಡುವುದಿಲ್ಲ. ಪ್ರಜ್ಞೆ ತಪ್ಪಿದ್ದರೆ ಮೊದಲು ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ಇಂಜೆಕ್ಷನ್ ಕೊಡಿ.’ ಕನ್ನಡದಲ್ಲೊಮ್ಮೆ, ಹಿಂದೆ ಇಂಗ್ಲಿಷಿನಲ್ಲೊಮ್ಮೆ. (ಡೋಸು ಒಬ್ಬೊಬ್ಬರಿಗೆ ಒಂದೊಂದು, ಇದನ್ನು ಓದಿ ಯಾರೂ ತಮ್ಮದನ್ನು ಬದಲಿಸಿಕೊಳ್ಳಬೇಡಿ.)

ಗದ್ದೆ ಕೆಲಸದವರಲ್ಲಿ ಇದೇ ಕಾಯಿಲೆ ಇನ್ನೊಂದು ದಾರಿಯಿಂದಲೂ ಬರುತ್ತದೆ: ಕೊಳಕುಮಂಡಲ ಕಚ್ಚಿ. ಅದರ ವಿಷಕ್ಕೆ ರಕ್ತನಾಳ ಸೋರಿ, ರಕ್ತ ಹೆಪ್ಪುಗಟ್ಟಿ ಗ್ರಂಥಿ ಸಾಯುತ್ತದೆ. ಬರ್ಮಾದ ರೋಗಿಗಳಲ್ಲಿ ಇದನ್ನು ಕಂಡ ವೈದ್ಯರು 1987ರಲ್ಲಿ ಬರೆದಾಗ ಶೀಹನ್ ಕಾಯಿಲೆಗೇ ಹೋಲಿಸಿದ್ದರು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕಚ್ಚಿದ್ದು ವರದಿಯಾದರೆ ಸಾಲದು. ಉಳಿದು ಮನೆಗೆ ಹೋದವರನ್ನು ಆರು ತಿಂಗಳು, ವರ್ಷ ಬಿಟ್ಟು “ಸುಸ್ತಾ? ಗಡ್ಡ ಬೆಳೆಯೋದು ಕಡಿಮೆ ಆಯ್ತಾ?” ಎಂದು ಯಾರಾದರೂ ಕೇಳಬೇಕು.

ಬೆಳವಣಿಗೆಯ ಹಾರ್ಮೋನು ಹೆಚ್ಚಾದವರ ಕಥೆ ಬೇರೆ. ಉಂಗುರ ಬಿಗಿಯಾಯಿತು, ಚಪ್ಪಲಿ ಸೈಜು ದೊಡ್ಡದಾಯಿತು ಅಂತ ಬರುತ್ತಾರೆ. ಆಪರೇಷನ್ ಸಾಲದಿದ್ದರೆ 28 ದಿನಕ್ಕೊಮ್ಮೆ ಆಕ್ಟ್ರಿಯೋಟೈಡ್ ಡಿಪೋ ಇಂಜೆಕ್ಷನ್. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಫ್ರಿಜ್ಜಿನಿಂದ ತೆಗೆದು ತಂಪು ಬಿಡುವ ತನಕ ಕಾಯಬೇಕು, ಪುಡಿ ಪೂರ್ತಿ ನೆನೆಯಬೇಕು, ಕಲಸಿದ ಮರುಕ್ಷಣ ಸೊಂಟದ ಸ್ನಾಯುವಿಗೆ ಆಳವಾಗಿ ಹೋಗಬೇಕು. ಅವಸರ ಮಾಡಿದರೆ ಸೂಜಿ ಕಟ್ಟುತ್ತದೆ. ಕಟ್ಟಿದ ಸೂಜಿಯ ಮುಂದೆ ಬಟ್ಟೆ ಸಡಿಲಿಸಿ ಮಲಗಿದ್ದ ರೋಗಿ “ಪರವಾಗಿಲ್ಲ ಬಿಡಿ ಸಿಸ್ಟರ್” ಅಂದದ್ದನ್ನು ಒಮ್ಮೆ ಕೇಳಿಸಿಕೊಂಡಿದ್ದೇನೆ, ಇನ್ನೊಮ್ಮೆ ಬೇಡ.

ಹನ್ನೊಂದನೇ ಬೆಡ್ಡಿನ ಯಜಮಾನರು ಮೂರು ವರ್ಷದ ಮೇಲೆ ಓಪಿಡಿಯಲ್ಲಿ ಸಿಕ್ಕರು. ನೋಟ ಬಹುಪಾಲು ವಾಪಸ್ ಬಂದಿತ್ತು, ದೂರದಿಂದಲೇ ಗುರುತು ಹಿಡಿದು “ಅಕ್ಕಾರ!” ಅಂದರು. ಮೂರನೇ ಹಂತ ಅವರಲ್ಲಿ ಉಳಿದುಕೊಂಡಿತ್ತು. ಡೆಸ್ಮೋಪ್ರೆಸಿನ್ ಮಾತ್ರೆ ಕಾಯಂ. ಆವತ್ತು ಧೈರ್ಯ ಮಾಡಿ ಏಳನೇ ರಾತ್ರಿಯ ವಿಷಯ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೆಂಡತಿ “ನಾ ಹೇಳಿದ್ನೆಲ್ರೀ” ಅಂದರು, ಅಷ್ಟೆ. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಯಜಮಾನರು ಅಂಗಿ ಜೇಬಿನಿಂದ ಒಂದು ಸಣ್ಣ ಡೈರಿ ತೆಗೆದರು. ಗೊಬ್ಬರದಂಗಡಿಯವರು ಕೊಟ್ಟದ್ದು. ದಿನಕ್ಕೊಂದು ಸಾಲು. ಕುಡಿದದ್ದು ನಾಲ್ಕು ತಂಬಿಗಿ, ಹೋದದ್ದು ಐದು ಸಲ. ಪಕ್ಕದಲ್ಲಿ ಗುಳಿಗೆ ನುಂಗಿದ ಹೊತ್ತು. ಪ್ರತಿ ಭಾನುವಾರದ ಸಾಲಿನಲ್ಲಿ ಮಾತ್ರ ಒಂದೇ ಪದ: ‘ಕೋಡಿ’.

“ಇದೇನು?”

“ವಾರಕ್ಕೊಮ್ಮಿ ಮುಂಜಾನಿ ಗುಳಿಗಿ ತಡಾ ಮಾಡ್ರಿ, ನೀರಡಿಕಿ ಆಗಿ ಉಚ್ಚಿ ಚೊಲೋತ್ನಾಗಿ ಹೋದ ಮ್ಯಾಲ ತಗೋರಿ ಅಂತ ಡಾಕ್ಟರ್ ಹೇಳ್ಯಾರ್ರೀ. ಒಳಗ ಜಾಸ್ತಿ ನೀರ ನಿಂತಿದ್ರ ಹೋಗಿಬಿಡತೈತಂತ. ನಾ ಐತ್ವಾರ ಹೊಲಕ್ಕ ಹೋಗೂದಿಲ್ಲ. ಕೆರಿ ಕೋಡಿ ಬಿಡತೀನಿ.”

ತಂಬಿಗೆ ಎಷ್ಟು ಹಿಡಿಯುತ್ತದೆ ಅಂತ ಕೇಳಿದೆ. ಅವರು ಹೆಂಡತಿಯ ಮುಖ ನೋಡಿದರು. ಆಯಮ್ಮ ಕೈಚೀಲದಿಂದ, ರೊಟ್ಟಿ ಗಂಟಿನ ಕೆಳಗಿಂದ, ಹಿತ್ತಾಳೆ ತಂಬಿಗೆಯನ್ನೇ ಎತ್ತಿ ಮೇಜಿನ ಮೇಲಿಟ್ಟರು. ಡ್ರೆಸ್ಸಿಂಗ್ ರೂಮಿನ ಅಳತೆ ಜಾಡಿ ತಂದು, ನಲ್ಲಿಯ ಕೆಳಗೆ ತಂಬಿಗೆ ತುಂಬಿಸಿ, ಸುರಿದೆವು. ಮೂವರೂ ಬಗ್ಗಿ ಗೆರೆ ನೋಡಿದೆವು. ಫೈಲಿನ ಮೊದಲ ಪುಟದಲ್ಲಿ, ಕೆಂಪು ಪೆನ್ನಿನಲ್ಲಿ ಬರೆದಿದ್ದ ‘ಶುಗರ್ ಅಲ್ಲ’ ಎಂಬುದರ ಕೆಳಗೆ ಬರೆದೆ: 1 ತಂಬಿಗೆ = 850 ಮಿ.ಲೀ.